ಪಿಎಚ್‌ಡಿ ಮುಗಿಯುತ್ತಿದೆ, ಪೋಸ್ಟ್‌ಡಾಕ್ ಹುಡುಕುವುದು ಹೇಗೆ? ಮೈಸೂರು, ಮಂಡ್ಯದವರು ದಯವಿಟ್ಟು ತಿಳಿಸಿ

ರಾಗಿಕಾಳು · ಭಾನುವಾರ ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಪಕ್ಕದ ಹಳ್ಳಿಯವಳು. ಮೈಸೂರಿನಲ್ಲಿ ಜೀವರಸಾಯನ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ, ಥೀಸಿಸ್ ಸಲ್ಲಿಸಿ ನಾಲ್ಕು ತಿಂಗಳಾಯಿತು. ಒಬ್ಬ ಪರೀಕ್ಷಕರ ವರದಿ ಬಂದಿದೆ, ಇನ್ನೊಬ್ಬರದು ಬರಬೇಕು. ರಾಗಿಯ ಸಿಪ್ಪೆಯಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯ ರಾಸಾಯನಿಕಗಳು ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವವನ್ನು ಹೇಗೆ ತಡೆಯುತ್ತವೆ ಎಂಬುದು ನನ್ನ ವಿಷಯ. ಎರಡು ಪೇಪರ್‌ಗಳು ಪ್ರಕಟವಾಗಿವೆ, ಮೂರನೆಯದು ಪರಿಶೀಲನೆಯಲ್ಲಿದೆ.

ವಯಸ್ಸು 33. ನಾಲ್ಕು ವರ್ಷದ ಮಗನಿದ್ದಾನೆ. ಯಜಮಾನರಿಗೆ ಮಂಡ್ಯದಲ್ಲೇ ಕೆಲಸ.

ಪೋಸ್ಟ್‌ಡಾಕ್‌ಗಾಗಿ, ಎಂದರೆ ಪಿಎಚ್‌ಡಿ ನಂತರ ಬೇರೊಂದು ಪ್ರಯೋಗಾಲಯದಲ್ಲಿ ಕೆಲವು ವರ್ಷ ಮಾಡುವ ಸಂಶೋಧನೆಗಾಗಿ, ಎರಡು ತಿಂಗಳಲ್ಲಿ 43 ಪ್ರಾಧ್ಯಾಪಕರಿಗೆ ಇಮೇಲ್ ಕಳುಹಿಸಿದೆ. ಮೂರು ಉತ್ತರ ಬಂದವು. ಎರಡರಲ್ಲಿ 'ಸದ್ಯಕ್ಕೆ ಜಾಗವಿಲ್ಲ', ಒಂದರಲ್ಲಿ 'ನಿಮ್ಮದೇ ಫೆಲೋಶಿಪ್ ತಂದರೆ ನೋಡೋಣ'. ಆ ಮಾತಿನ ಅರ್ಥವೇ ನನಗೆ ಪೂರ್ತಿ ತಿಳಿಯಲಿಲ್ಲ. ಈ ನಡುವೆ ಊರಿನ ಒಂದು ಖಾಸಗಿ ಕಾಲೇಜಿನವರು ಅತಿಥಿ ಉಪನ್ಯಾಸಕಿಯಾಗಿ ಬನ್ನಿ ಎಂದು ಕರೆದಿದ್ದಾರೆ. ಇನ್ನು ಹತ್ತು ದಿನದಲ್ಲಿ ಹೇಳಬೇಕು. ಅತ್ತೆ ಕೆಟ್ಟವರಲ್ಲ, ಮಗುವನ್ನು ನೋಡಿಕೊಂಡು ನನ್ನ ಪಿಎಚ್‌ಡಿ ಮುಗಿಸಿಕೊಟ್ಟವರೇ ಅವರು. ಆದರೆ ನಿನ್ನೆ, 'ಇಷ್ಟು ಓದಿಯೂ ಇನ್ನೂ ಓದಬೇಕೇನಮ್ಮ?' ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಪೋಸ್ಟ್‌ಡಾಕ್ ಎಲ್ಲಿ ಸಿಗುತ್ತದೆ, ಹೇಗೆ ಸಿಗುತ್ತದೆ, ನನ್ನಂಥವಳು ಮಾಡಬೇಕೇ? ಬಲ್ಲವರು ಹೇಳಿ.

ಶ್ರೀರಂಗಪಟ್ಟಣ ಭೌತ · ಭಾನುವಾರ ರಾತ್ರಿ 10:20

ನನ್ನದೂ ಇದೇ ಪರಿಸ್ಥಿತಿ, ವಿಷಯ ಘನಸ್ಥಿತಿ ಭೌತವಿಜ್ಞಾನ. ಇಲ್ಲಿ ಬರುವ ಉತ್ತರಗಳು ನನಗೂ ಬೇಕು.

ಹಳೆಯ ಮೇಷ್ಟ್ರು · ಸೋಮವಾರ ಬೆಳಿಗ್ಗೆ 6:15

ರಾಗಿಕಾಳು ಅವರೇ, ನಿಮ್ಮ ಪ್ರಶ್ನೆಗಳಿಗೆಲ್ಲ ಆಮೇಲೆ ಬರುತ್ತೇನೆ. 43 ಜನರಿಗೆ ಕಳುಹಿಸಿದ ಆ ಪತ್ರದ ಸಾರಾಂಶವನ್ನು ಮೊದಲು ಇಲ್ಲಿ ಹಾಕಿ. ಕಾಯಿಲೆ ಅಲ್ಲಿರಬಹುದು ಎಂದು ನನ್ನ ಅನುಮಾನ.

ರಾಗಿಕಾಳು · ಸೋಮವಾರ ಬೆಳಿಗ್ಗೆ 7:40

ಧನ್ಯವಾದ ಸರ್. ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಇದು: 'ಮಾನ್ಯ ಪ್ರಾಧ್ಯಾಪಕರೇ, ತಮಗೆ ಶುಭಾಶಯಗಳು. ನಾನು ಜೀವರಸಾಯನ ವಿಜ್ಞಾನದಲ್ಲಿ ಪಿಎಚ್‌ಡಿ ಪೂರೈಸಿದ್ದೇನೆ. ತಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ಅತ್ಯಂತ ಆಸಕ್ತಳಾಗಿದ್ದೇನೆ. ಎಚ್‌ಪಿಎಲ್‌ಸಿ, ಕಿಣ್ವ ಪರೀಕ್ಷೆಗಳು, ಎಲೆಕ್ಟ್ರೊಫೊರೆಸಿಸ್ ಮುಂತಾದ ಪ್ರಯೋಗಾಲಯದ ವಿಧಾನಗಳಲ್ಲಿ ಅನುಭವವಿದೆ. ಕಷ್ಟಪಟ್ಟು ದುಡಿಯುವ ಸ್ವಭಾವದವಳು. ಒಂದು ಅವಕಾಶ ಕೊಡಬೇಕಾಗಿ ಕೋರುತ್ತೇನೆ. ಬಯೋಡೇಟಾ ಲಗತ್ತಿಸಿದ್ದೇನೆ.' ಎಲ್ಲರಿಗೂ ಇದನ್ನೇ ಕಳುಹಿಸಿದೆ.

ಹಳೆಯ ಮೇಷ್ಟ್ರು · ಸೋಮವಾರ ಬೆಳಿಗ್ಗೆ 11:05

ಅಮ್ಮಾ, ಈ ಪತ್ರದಲ್ಲಿ ಒಂದೂ ತಪ್ಪಿಲ್ಲ. ಆದರೂ ನಾನು ಕೆಲಸದಲ್ಲಿದ್ದಾಗ ಇಂಥ ಪತ್ರ ಬಂದಿದ್ದರೆ ಉತ್ತರ ಬರೆಯುತ್ತಿರಲಿಲ್ಲ ಎಂಬುದು ನಿಜ. ಬೆಳಿಗ್ಗೆ ವಿಭಾಗಕ್ಕೆ ಹೋಗಿ ಕಂಪ್ಯೂಟರ್ ತೆರೆದರೆ ಇಂಥವು ದಿನಕ್ಕೆ ಐದಾರು ಇರುತ್ತಿದ್ದವು. ಎಲ್ಲರೂ 'ಅತ್ಯಂತ ಆಸಕ್ತರು', ಎಲ್ಲರೂ 'ಕಷ್ಟಪಟ್ಟು ದುಡಿಯುವವರು'. ಇದರಲ್ಲಿ ನನ್ನ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ಪತ್ರ ಹಾಗೆಯೇ ಸಲ್ಲುತ್ತದೆ ಎಂದು ಓದಿದ ಕೂಡಲೇ ತಿಳಿಯುತ್ತಿತ್ತು.

ಪಿಎಚ್‌ಡಿಗೆ ಸೇರುವಾಗ ಗೈಡ್ ನಿಮ್ಮನ್ನು ಆರಿಸಿಕೊಂಡು ವಿಷಯ ಕೊಟ್ಟರು. ಪೋಸ್ಟ್‌ಡಾಕ್ ಹಾಗಲ್ಲ. ಅಲ್ಲಿ ನೀವು ನಿಮ್ಮದೇ ಪ್ರಶ್ನೆಯೊಂದನ್ನು ಹಿಡಿದುಕೊಂಡು ಹೋಗಬೇಕು. ಆ ಪ್ರಯೋಗಾಲಯಕ್ಕೆ ನಿಮ್ಮ ಪ್ರಶ್ನೆ ಬೇಕು, ನಿಮಗೆ ಅವರ ಸಲಕರಣೆ ಮತ್ತು ತಿಳಿವಳಿಕೆ ಬೇಕು. ಆ ಎರಡೂ ಸೇರುವ ಜಾಗ ಯಾವುದು ಎಂದು ಪತ್ರದ ಮೊದಲ ನಾಲ್ಕು ಸಾಲಿನಲ್ಲಿ ಕಾಣಬೇಕು. ಉಳಿದದ್ದಕ್ಕೆ ಬಯೋಡೇಟಾ ಇದ್ದೇ ಇದೆ.

ಹಾಗಾಗಿ ಒಂದು ಪ್ರಶ್ನೆ. ಐದು ವರ್ಷ ಬೆಂಚಿನ ಮುಂದೆ ನಿಂತಿದ್ದೀರಿ. ಥೀಸಿಸ್‌ನಲ್ಲಿ ಸೇರದೆ ಉಳಿದ, ಆದರೆ ನಿಮ್ಮನ್ನು ಕಾಡುತ್ತಿರುವ ಒಂದು ಫಲಿತಾಂಶ ಇರಲೇಬೇಕು. ಯಾವುದು ಅದು?

ರಾಗಿಕಾಳು · ಸೋಮವಾರ ಮಧ್ಯಾಹ್ನ 2:30

ಇದೆ ಸರ್. ಇದುವರೆಗೆ ಯಾರೊಂದಿಗೂ ಹೇಳಿಕೊಂಡಿಲ್ಲ.

ಮೂರನೇ ವರ್ಷದಲ್ಲಿ ಒಮ್ಮೆ ಸಂಕ್ರಾಂತಿಗೆ ಅಜ್ಜಿ ಮನೆಗೆ ಹೋಗಿದ್ದೆ. ಅಜ್ಜಿ ಮುದ್ದೆಗೆ ಯಾವಾಗಲೂ ಹಳೆಯ ರಾಗಿಯೇ ಆಗಬೇಕು ಎನ್ನುತ್ತಾರೆ. ಅವರ ಕಣಜದಲ್ಲಿ ಮೂರು ವರ್ಷದ ಹಿಂದಿನ ರಾಗಿ ಇತ್ತು. ಕುತೂಹಲಕ್ಕೆ ಒಂದು ಡಬ್ಬಿ ತುಂಬಿಕೊಂಡು ಬಂದು, ಹೊಸ ರಾಗಿಯ ಜೊತೆ ಅದೇ ಪರೀಕ್ಷೆ ಮಾಡಿದೆ. ಡಿಎನ್‌ಎಸ್ ದ್ರಾವಣ (ಸಕ್ಕರೆ ಹೆಚ್ಚಿದ್ದಷ್ಟೂ ಹಳದಿಯಿಂದ ಕೆಂಪಿಗೆ ತಿರುಗುವಂಥದ್ದು) ಹಾಕಿ ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟು ಕೊಳವೆಗಳನ್ನು ಹೊರಗೆ ತೆಗೆದಾಗ ಹೊಸ ರಾಗಿಯವು ಹಳದಿಯಾಗಿಯೇ ಉಳಿದಿದ್ದವು. ಎಂದರೆ ಕಿಣ್ವಕ್ಕೆ ತಡೆ ಬಿದ್ದಿದೆ, ಪಿಷ್ಟದಿಂದ ಸಕ್ಕರೆ ಹೆಚ್ಚು ಹೊರಬಂದಿಲ್ಲ. ಹಳೆಯ ರಾಗಿಯ ಕೊಳವೆಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ತೂಕ ತಪ್ಪಾಯಿತೇನೋ ಎಂದು ಇನ್ನೆರಡು ಸಲ ಮಾಡಿದೆ. ಬಣ್ಣ ಹಾಗೆಯೇ ಬಂತು, 540 ನ್ಯಾನೋಮೀಟರ್‌ನ ಬೆಳಕಿನಲ್ಲಿ ಯಂತ್ರದಿಂದ ಅಳೆದಾಗಲೂ ವ್ಯತ್ಯಾಸ ಸ್ಪಷ್ಟವಾಗಿತ್ತು.

ಒಂದೇ ಮನೆಯ ಒಂದೇ ಮಾದರಿ, ಯಾವ ತಳಿ ಎಂದೂ ಗೊತ್ತಿಲ್ಲ, ಥೀಸಿಸ್‌ಗೆ ಬೇಡ ಎಂದು ಗೈಡ್ ಹೇಳಿದರು. ಅವರು ಹೇಳಿದ್ದು ಸರಿಯೇ. ಆದರೆ ರಾಗಿ ಹಳೆಯದಾಗುತ್ತಾ ಹೋದಂತೆ ಆ ಪಾಲಿಫಿನಾಲ್‌ಗಳಿಗೆ ಏನಾಗುತ್ತದೆ? ಗಾಳಿಗೆ ಆಕ್ಸಿಡೀಕರಣವಾಗುತ್ತವೆಯೇ, ಅಥವಾ ಜೀವಕೋಶದ ಗೋಡೆಗೆ ಅಂಟಿಕೊಂಡು ನಾವು ತೆಗೆಯುವ ಸಾರದಲ್ಲಿ ಸಿಗದೆ ಹೋಗುತ್ತವೆಯೇ? ಎರಡನೆಯದೇ ಆದರೆ ಮುದ್ದೆ ತಿಂದವರ ಹೊಟ್ಟೆಯಲ್ಲಿ ಅವು ಬೇರೆಯೇ ರೀತಿ ವರ್ತಿಸಬಹುದು.

ಹಳೆಯ ಮೇಷ್ಟ್ರು · ಸೋಮವಾರ ಮಧ್ಯಾಹ್ನ 3:10

ಇದೇ ನಿಮ್ಮ ಪತ್ರ. ಇದನ್ನು ಒಳಗೆ ಇಟ್ಟುಕೊಂಡು 43 ಜನರಿಗೆ ಎಚ್‌ಪಿಎಲ್‌ಸಿ ಬರುತ್ತದೆ ಎಂದು ಬರೆದಿರಲ್ಲಾ!

ನಮ್ಮ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಬರಗಾಲಕ್ಕೆ ಅದೇ ಆಸರೆ. ನಿಮ್ಮ ಊರಿನ ಪಕ್ಕದ ವಿ.ಸಿ. ಫಾರಂನಲ್ಲೇ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿಗಳನ್ನು ರೂಪಿಸಿದರು. ತಳಿ ಗೊತ್ತಿರುವ, ಕೊಯ್ಲಾದ ವರ್ಷ ಗೊತ್ತಿರುವ ಮಾದರಿಗಳನ್ನು ಅಂಥ ಸಂಶೋಧನಾ ಕೇಂದ್ರದಲ್ಲಿ ಕೇಳಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ (ಸಿಎಫ್‌ಟಿಆರ್‌ಐ) 1950 ರಿಂದ ಆಹಾರ ಧಾನ್ಯಗಳ ಮೇಲೆ ಕೆಲಸ ಮಾಡುತ್ತಿದೆ. ಅಲ್ಲಿನ ರಕ್ಷಣಾ ಆಹಾರ ಸಂಶೋಧನಾಲಯಕ್ಕೆ (ಡಿಎಫ್‌ಆರ್‌ಎಲ್, ಈಗ ಹೆಸರು ಡಿಐಬಿಟಿ) ಆಹಾರವನ್ನು ಬಹುಕಾಲ ಕೆಡದಂತೆ ಇಡುವುದೇ ಮುಖ್ಯ ಕಸುಬಾಗಿತ್ತು, ಸೈನಿಕರ ಊಟ ಅವರ ಹೊಣೆಯಾಗಿತ್ತು. ನಿಮ್ಮ ಪ್ರಶ್ನೆಗೆ ಕಿವಿಗೊಡಬೇಕಾದವರು ಐವತ್ತು ಕಿಲೋಮೀಟರ್ ಸುತ್ತಳತೆಯಲ್ಲೇ ಇದ್ದಾರೆ.

43 ಬೇಡ, ಆರು ಜನರನ್ನು ಆರಿಸಿಕೊಳ್ಳಿ. ಪ್ರತಿಯೊಬ್ಬರದೂ ಇತ್ತೀಚಿನ ಎರಡು ಪೇಪರ್ ಓದಿ. ಒಬ್ಬೊಬ್ಬರಿಗೂ ಬೇರೆ ಪತ್ರ ಬರೆಯಿರಿ, ಒಂದು ಪುಟ ದಾಟಬಾರದು.

ಕೆಆರ್‌ಎಸ್ ರಸ್ತೆ · ಸೋಮವಾರ ರಾತ್ರಿ 8:45

ನಾನು ಮೈಸೂರಿನಲ್ಲೇ ಒಂದು ಪ್ರಾಜೆಕ್ಟ್‌ನಲ್ಲಿ ರಿಸರ್ಚ್ ಅಸೋಸಿಯೇಟ್ ಆಗಿದ್ದೇನೆ. ದುಡ್ಡಿನ ವಿಷಯ ಬಿಚ್ಚಿ ಹೇಳುತ್ತೇನೆ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ದೇಶದಲ್ಲಿ ಪೋಸ್ಟ್‌ಡಾಕ್‌ಗೆ ಸ್ಥೂಲವಾಗಿ ಎರಡು ದಾರಿ. ಮೊದಲನೆಯದು, ಪ್ರಾಧ್ಯಾಪಕರಿಗೆ ಮಂಜೂರಾದ ಪ್ರಾಜೆಕ್ಟ್‌ನಲ್ಲಿ ರಿಸರ್ಚ್ ಅಸೋಸಿಯೇಟ್ (ಆರ್‌.ಎ.) ಹುದ್ದೆ. ಸಂಸ್ಥೆಯ ಜಾಲತಾಣದಲ್ಲಿ ವಾಕ್-ಇನ್ ಸಂದರ್ಶನದ ಪ್ರಕಟಣೆ ಬರುತ್ತದೆ, ಎಷ್ಟೋ ಸಲ ಹತ್ತು ಹದಿನೈದು ದಿನದ ಗಡುವು ಮಾತ್ರ ಇರುತ್ತದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023 ರ ಜನವರಿ 1 ರಿಂದ ಜಾರಿಗೆ ತಂದ ದರದಂತೆ ಆರ್‌.ಎ. 1 ಕ್ಕೆ ತಿಂಗಳಿಗೆ 58,000 ರೂ., ಆರ್‌.ಎ. 2 ಕ್ಕೆ 61,000, ಆರ್‌.ಎ. 3 ಕ್ಕೆ 67,000. ಮೇಲೆ ಮನೆ ಬಾಡಿಗೆ ಭತ್ಯೆ. ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಮೈಸೂರು ವೈ ದರ್ಜೆಯ ನಗರ, ಅಲ್ಲಿಗೆ ಶೇ 20. ಮಂಡ್ಯ ಝಡ್ ದರ್ಜೆ, ಶೇ 10. ಆರ್‌.ಎ. 1 ಕ್ಕೆ ಲೆಕ್ಕ ಹಾಕಿ: ಮೈಸೂರಿನಲ್ಲಿ 69,600, ಮಂಡ್ಯದಲ್ಲಿ 63,800. ತುಟ್ಟಿಭತ್ಯೆ ಇಲ್ಲ. ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗಿಯುತ್ತದೆ.

ಎರಡನೆಯದು, ನಿಮ್ಮ ಹೆಸರಿಗೇ ಬರುವ ಫೆಲೋಶಿಪ್. 'ನಿಮ್ಮದೇ ಫೆಲೋಶಿಪ್ ತನ್ನಿ' ಎಂದು ಆ ಪ್ರಾಧ್ಯಾಪಕರು ಹೇಳಿದ್ದು ಇದನ್ನೇ, ಅದು ನಿರಾಕರಣೆಯಲ್ಲ. ವಿಜ್ಞಾನದವರಿಗೆ ದೊಡ್ಡದು ನ್ಯಾಷನಲ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್. ಮೊದಲು ಕೇಂದ್ರದ ಸಂಶೋಧನಾ ಮಂಡಳಿಯಾದ ಎಸ್‌ಇಆರ್‌ಬಿ ಕೊಡುತ್ತಿತ್ತು, ಈಗ ಅದರ ಜಾಗಕ್ಕೆ 2023 ರ ಕಾಯ್ದೆಯಿಂದ ಬಂದಿರುವ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ (ಎಎನ್‌ಆರ್‌ಎಫ್) ಕೊಡುತ್ತದೆ. ಅವಧಿ ಎರಡು ವರ್ಷ. ವಯೋಮಿತಿ 35, ಮಹಿಳೆಯರಿಗೆ ಮತ್ತು ಮೀಸಲಾತಿ ವರ್ಗದವರಿಗೆ ಐದು ವರ್ಷ ಸಡಿಲಿಕೆ. ಎಂದರೆ ಅಕ್ಕ, ನಿಮಗೆ 40 ರವರೆಗೆ ಸಮಯವಿದೆ. ಥೀಸಿಸ್ ಸಲ್ಲಿಸಿ ಪದವಿಗೆ ಕಾಯುತ್ತಿರುವವರೂ ಅರ್ಜಿ ಹಾಕಬಹುದು. ಆದರೆ ಮೊದಲು ಒಬ್ಬ ಮಾರ್ಗದರ್ಶಕರು ಒಪ್ಪಬೇಕು, ಅವರ ಸಂಸ್ಥೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಆ ಸಹಿ ಸಿಗಲು ಕಡತ ಮೇಜಿನಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ಎರಡು ಮೂರು ವಾರ ಕಳೆಯುತ್ತದೆ. ಅರ್ಜಿ ಕರೆದ ಮೇಲೆ ಓಡಾಡಿದರೆ ಆಗದು, ಈಗಲೇ ಮಾತಾಡಿಟ್ಟುಕೊಳ್ಳಿ. ಇದಲ್ಲದೆ ಕೇಂದ್ರದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ರಿಸರ್ಚ್ ಅಸೋಸಿಯೇಟ್‌ಶಿಪ್ ಇದೆ. ಜೈವಿಕ ತಂತ್ರಜ್ಞಾನ ಇಲಾಖೆಯ ಡಿಬಿಟಿ-ಆರ್‌.ಎ. ಇದೆ, ಅದರ ನಿರ್ವಹಣೆ ಬೆಂಗಳೂರಿನ ಐಐಎಸ್‌ಸಿ ಮೂಲಕ.

ಒಂದು ಕಹಿಯನ್ನೂ ಹೇಳಿಬಿಡುತ್ತೇನೆ. ಹಿಂದೆ ನಾನಿದ್ದ ಸಂಸ್ಥೆಯಲ್ಲಿ ಏಳು ತಿಂಗಳು ಹಣ ಬರಲಿಲ್ಲ. ಹಿಂದಿನ ವರ್ಷದ ಖರ್ಚಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬಿಡುಗಡೆಯಾಗುವುದಿಲ್ಲ, ಆ ಕಾಗದ ಲೆಕ್ಕಪತ್ರ ವಿಭಾಗದಲ್ಲಿ ಮಲಗಿತ್ತು. ಏಳು ತಿಂಗಳೂ ಪ್ರಯೋಗಾಲಯಕ್ಕೆ ಹೋದೆ, ಬಾಡಿಗೆಯನ್ನು ತಮ್ಮ ಕಟ್ಟಿದ. ಕೊನೆಗೆ ಬಾಕಿಯೆಲ್ಲ ಒಟ್ಟಿಗೆ ಬಂತು. ಆದರೆ ಆ ಏಳು ತಿಂಗಳಲ್ಲಿ ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಾಯಿತು. ಸೇರುವ ಮುಂಚೆ ಅಲ್ಲಿರುವ ಹುಡುಗರನ್ನು ಪಕ್ಕಕ್ಕೆ ಕರೆದು, ಹಣ ಸರಿಯಾಗಿ ಬರುತ್ತದೆಯೇ ಎಂದು ಕೇಳಿ. ಮೂರು ನಾಲ್ಕು ತಿಂಗಳ ಖರ್ಚು ಕೈಯಲ್ಲಿರಲಿ.

ಮದ್ದೂರಿನ ತಂದೆ · ಮಂಗಳವಾರ ಬೆಳಿಗ್ಗೆ 6:50

ನಾನು ಕಬ್ಬು ಬೆಳೆಯುವವನು. ಮಗಳು ರಸಾಯನ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ಅವಳೂ ಈ ಪೋಸ್ಟ್‌ಡಾಕ್ ಮಾತಾಡುತ್ತಾಳೆ. ತಪ್ಪು ತಿಳಿಯಬೇಡಿ, ಇದು ಓದೋ, ಕೆಲಸವೋ? ನೆಂಟರು ಕೇಳಿದರೆ ಏನು ಹೇಳಬೇಕು? ಇದನ್ನು ಮಾಡಿದರೆ ಕಾಯಂ ಕೆಲಸ ಸಿಗುವ ಭರವಸೆ ಇದೆಯೇ?

ಹಳೆಯ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 10:30

ಯಜಮಾನರೇ, ನೀವು ಕೇಳಿದ್ದು ಒಳ್ಳೆಯದಾಯಿತು. ಇದು ಕೆಲಸ. ಓದು ಪಿಎಚ್‌ಡಿಗೇ ಮುಗಿಯಿತು, ಇನ್ನು ಪದವಿ ಯಾವುದೂ ಇಲ್ಲ. ಕಟ್ಟಡದ ಕೆಲಸ ಕಲಿತ ಮೇಸ್ತ್ರಿ ಸ್ವಂತ ಗುತ್ತಿಗೆ ಹಿಡಿಯುವ ಮುಂಚೆ ಬೇರೆ ದೊಡ್ಡ ಮೇಸ್ತ್ರಿಯ ಬಳಿ ಎರಡು ವರ್ಷ ಕೈ ಪಳಗಿಸಿಕೊಳ್ಳುತ್ತಾನಲ್ಲ, ಹಾಗೆ. 'ವಿಜ್ಞಾನಿಯಾಗಿ ಕೆಲಸದಲ್ಲಿದ್ದಾಳೆ' ಎಂದು ನೆಂಟರಿಗೆ ಧೈರ್ಯವಾಗಿ ಹೇಳಿ, ಅದು ಸತ್ಯ.

ಭರವಸೆ ಎಂದು ಮಾತ್ರ ಹೇಳಲಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018 ರ ನಿಯಮಾವಳಿಯ ಪ್ರಕಾರ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಕರೆಯುವವರ ಪಟ್ಟಿ ಮಾಡುವಾಗ ಪಿಎಚ್‌ಡಿಗೆ 30 ಅಂಕ, ಪೇಪರ್‌ಗಳಿಗೆ ಹೆಚ್ಚೆಂದರೆ 10, ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2 ರಂತೆ ಹೆಚ್ಚೆಂದರೆ 10. ಗಮನಿಸಿ, ಪಾಠ ಮಾಡಿದ ವರ್ಷಕ್ಕೂ ಪೋಸ್ಟ್‌ಡಾಕ್ ಮಾಡಿದ ವರ್ಷಕ್ಕೂ ಅಂಕ ಒಂದೇ. ಪೋಸ್ಟ್‌ಡಾಕ್ ಮಾಡುವವರಿಗೆ ಪೇಪರ್‌ಗಳ ಅಂಕವೂ ಬೆಳೆಯುತ್ತದೆ ಎಂಬುದೇ ಲಾಭ. ಆದರೆ ಈ ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ, ಒಳಗೆ ಹೋದ ಮೇಲೆ ಸಂದರ್ಶನವೇ ನಿರ್ಣಾಯಕ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುದ್ದೆಯ ಮಾತೇ ಬೇರೆ. 2022 ರಲ್ಲಿ ಅದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು. ಪರೀಕ್ಷೆಯಲ್ಲಿ ಅಂಕ ಪಡೆದವರಿಗೆ ಜಾಗ, ನಾಲ್ಕು ವರ್ಷ ವಿದೇಶದಲ್ಲಿದ್ದು ಬಂದೆ ಎಂದರೂ ಅಲ್ಲಿ ನಡೆಯುವುದಿಲ್ಲ. 2023 ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಕೆಸೆಟ್‌ನಂಥ ಪರೀಕ್ಷೆಯೇ ಕನಿಷ್ಠ ಅರ್ಹತೆ ಎಂದು ಯುಜಿಸಿ ಹೇಳಿದೆ. ಮಗಳಿಗೆ ಕಾಲೇಜಿನಲ್ಲಿ ಪಾಠ ಮಾಡುವುದೇ ಇಷ್ಟವಾದರೆ ಆ ಪರೀಕ್ಷೆಗಳಿಗೆ ಕೂರಲಿ. ಸಂಶೋಧನೆಯೇ ಬೇಕು, ರಾಷ್ಟ್ರೀಯ ಪ್ರಯೋಗಾಲಯವೋ ದೊಡ್ಡ ವಿಶ್ವವಿದ್ಯಾಲಯವೋ ಬೇಕು ಎಂದರೆ ಪೋಸ್ಟ್‌ಡಾಕ್ ಬೇಕೇ ಬೇಕು. ಅವಳನ್ನು ಕೂರಿಸಿಕೊಂಡು ಇದೊಂದನ್ನು ಕೇಳಿ.

ಮದ್ದೂರಿನ ತಂದೆ · ಮಂಗಳವಾರ ರಾತ್ರಿ 8:00

ಮೇಸ್ತ್ರಿಯ ಮಾತು ಅರ್ಥವಾಯಿತು ಸರ್. ಶನಿವಾರ ಮಗಳು ಬರುತ್ತಾಳೆ, ಕೇಳುತ್ತೇನೆ.

ಹುಣಸೂರಿನಿಂದ ಜರ್ಮನಿಗೆ · ಬುಧವಾರ ಬೆಳಗಿನ ಜಾವ 1:15

ಹೊರದೇಶದ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿ ವಿಶ್ವವಿದ್ಯಾಲಯದ ಪೋಸ್ಟ್‌ಡಾಕ್ ಎಂದರೆ ಸರ್ಕಾರಿ ವೇತನ ಶ್ರೇಣಿಯ ನೌಕರ. ಸಾಮಾನ್ಯವಾಗಿ ಇ-13 ಶ್ರೇಣಿ, ಆರೋಗ್ಯ ವಿಮೆ, ಪಿಂಚಣಿ ವಂತಿಗೆ, ರಜೆ ಎಲ್ಲವೂ ಇವೆ. ಆದರೆ ಇಲ್ಲಿಯೂ ಕಾಯಂ ಇಲ್ಲ. ಪಿಎಚ್‌ಡಿಯ ನಂತರ ಸಾಮಾನ್ಯವಾಗಿ ಆರು ವರ್ಷಕ್ಕಿಂತ ಹೆಚ್ಚು ಇಂಥ ತಾತ್ಕಾಲಿಕ ಒಪ್ಪಂದದಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನೇ ಇದೆ.

ಫೆಲೋಶಿಪ್‌ಗಳಲ್ಲಿ ಎರಡನ್ನು ಹೇಳುತ್ತೇನೆ. ಹಂಬೋಲ್ಟ್: ಪಿಎಚ್‌ಡಿ ಮುಗಿದು ನಾಲ್ಕು ವರ್ಷದೊಳಗಿನವರಿಗೆ, 6 ರಿಂದ 24 ತಿಂಗಳು. ಮೇರಿ ಕ್ಯೂರಿ: ಯುರೋಪಿನ ಯಾವ ದೇಶಕ್ಕೆ ಹೋಗುತ್ತೀರೋ ಅಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು, ಪಿಎಚ್‌ಡಿ ಆಗಿ ಎಂಟು ವರ್ಷ ದಾಟಿರಬಾರದು. ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಎರಡರಲ್ಲೂ ಕುಟುಂಬ ಭತ್ಯೆ ಇದೆ. ಮೊದಲು ಇಲ್ಲಿನ ಒಬ್ಬ ಪ್ರಾಧ್ಯಾಪಕರು ನಿಮ್ಮನ್ನು ಒಪ್ಪಬೇಕು ಎಂಬುದೂ ಎರಡಕ್ಕೂ ಸಮಾನ.

ನಾನು ಬಂದದ್ದು ಮೇಷ್ಟ್ರು ಹೇಳಿದ ದಾರಿಯಲ್ಲೇ. ಈಗ ನನ್ನ ಮುಖ್ಯಸ್ಥೆಯಾಗಿರುವವರ ಒಂದು ಪೇಪರ್‌ನ ಮೂರನೇ ಚಿತ್ರದಲ್ಲಿ ಒಂದು ಪಟ್ಟೆ ನನ್ನ ಫಲಿತಾಂಶಕ್ಕೆ ಹೊಂದುತ್ತಿರಲಿಲ್ಲ. ಅದನ್ನೇ ವಿನಯದಿಂದ ಕೇಳಿ, ನನ್ನ ಚಿತ್ರವನ್ನೂ ಲಗತ್ತಿಸಿ ಬರೆದೆ. ಕೆಲಸ ಕೇಳಿರಲೇ ಇಲ್ಲ. ಎರಡು ದಿನದಲ್ಲಿ ಉತ್ತರ ಬಂತು, ಮೂರು ವಾರ ಪತ್ರ ವ್ಯವಹಾರ ನಡೆಯಿತು, ಆಮೇಲೆ ಅವರೇ ಕೇಳಿದರು.

ಆದರೆ ನಿಮಗೆ ನಾಲ್ಕು ವರ್ಷದ ಮಗುವಿದೆ. ಮೊದಲ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕೂವರೆಗೆ ಕತ್ತಲಾಗುತ್ತಿತ್ತು, ನನ್ನ ಹೆಂಡತಿ ಕಿಟಕಿಯ ಪಕ್ಕ ಕುಳಿತು ಊರಿಗೆ ಫೋನ್ ಮಾಡಿ ಅಳುತ್ತಿದ್ದಳು. ಈಗ ಅವಳಿಗೂ ಇಲ್ಲಿ ಕೆಲಸವಿದೆ, ಚೆನ್ನಾಗಿದ್ದೇವೆ. ಆ ಒಂದು ವರ್ಷವನ್ನು ಮಾತ್ರ ಯಾರ ಮುಂದೆಯೂ ಹಗುರ ಮಾಡಿ ಹೇಳಲಾರೆ.

ಓಲೆಗರಿ · ಬುಧವಾರ ಮಧ್ಯಾಹ್ನ 12:40

ಎಲ್ಲರೂ ವಿಜ್ಞಾನವನ್ನೇ ಹೇಳುತ್ತಿದ್ದೀರಿ. ಕನ್ನಡ, ಇತಿಹಾಸ, ಸಮಾಜ ವಿಜ್ಞಾನದವರೂ ಇಲ್ಲಿ ಓದುತ್ತಿರಬಹುದು, ಅವರಿಗಾಗಿ ನಾಲ್ಕು ಮಾತು. ಯುಜಿಸಿ 2022 ರಲ್ಲಿ ಡಾ. ರಾಧಾಕೃಷ್ಣನ್ ಹೆಸರಿನ ಪೋಸ್ಟ್‌ಡಾಕ್ ಫೆಲೋಶಿಪ್ ಪ್ರಕಟಿಸಿತು. 900 ಸ್ಥಾನ, ತಿಂಗಳಿಗೆ 50,000 ರೂ., ಅದರಲ್ಲಿ ಭಾಷೆ ಮತ್ತು ಮಾನವಿಕ ವಿಷಯಗಳಿಗೂ ಪಾಲಿದೆ. ಸಮಾಜ ವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್, ಇತಿಹಾಸಕ್ಕೆ ಐಸಿಎಚ್‌ಆರ್ ಎಂಬ ಕೇಂದ್ರದ ಸಂಶೋಧನಾ ಮಂಡಳಿಗಳಿವೆ. ಮೈಸೂರಿನಲ್ಲೇ ಭಾರತೀಯ ಭಾಷಾ ಸಂಸ್ಥಾನವಿದೆ, ಶಾಸ್ತ್ರೀಯ ಕನ್ನಡದ ಅಧ್ಯಯನ ಕೇಂದ್ರವಿದೆ. ಅಲ್ಲಿ ಯೋಜನೆಗಳಿಗೆ ಆಗಾಗ ಜನರನ್ನು ಕರೆಯುತ್ತಾರೆ.

ನಮ್ಮವರಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಪಿಎಚ್‌ಡಿಯ ವಿಷಯವನ್ನೇ ಶೀರ್ಷಿಕೆ ಬದಲಿಸಿ ಕಳುಹಿಸುವುದು. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ 1891 ರಿಂದ ಇದೆ. ಶಾಮಶಾಸ್ತ್ರಿಗಳಿಗೆ 1905 ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ಅಲ್ಲಿಯೇ, 1909 ರಲ್ಲಿ ಅದು ಅಚ್ಚಾಯಿತು. ಅಂಥ ಭಂಡಾರ ಮನೆಯ ಪಕ್ಕದಲ್ಲಿರುವಾಗ ಹೊಸ ಪ್ರಶ್ನೆಗೆ ಬರವೇ? ಒಂದು ವಾರ ಹಸ್ತಪ್ರತಿಗಳ ಸೂಚಿಯನ್ನು ಓದಿ, ಆಮೇಲೆ ಪ್ರಸ್ತಾವನೆ ಬರೆಯಿರಿ.

ಹೆಬ್ಬಾಳ ಕಾರ್ಖಾನೆ · ಬುಧವಾರ ರಾತ್ರಿ 9:30

ನನ್ನ ಅಭಿಪ್ರಾಯ ಬೇರೆ, ಬೇಸರ ಮಾಡಿಕೊಳ್ಳಬೇಡಿ. ನಾನು ಎರಡು ಪೋಸ್ಟ್‌ಡಾಕ್ ಮಾಡಿದೆ, ಒಟ್ಟು ಐದು ವರ್ಷ. ಎರಡನೆಯದನ್ನು ಮಾಡಿದ್ದು ಪ್ರಶ್ನೆಗಾಗಿ ಅಲ್ಲ, ಮುಂದೇನು ಎಂದು ತೋಚದೆ. ಕಾಯಂ ಹುದ್ದೆಯ ಪ್ರಕಟಣೆ ಬರುತ್ತದೆ, ಬರುತ್ತದೆ ಎಂದು ಕಾದೆ. ಬಂದಾಗ ನನ್ನ ವಿಭಾಗಕ್ಕೆ ಒಂದೇ ಹುದ್ದೆ, ಅದೂ ನನ್ನ ಉಪವಿಷಯದ್ದಲ್ಲ. 39 ಕ್ಕೆ ಮೈಸೂರಿನ ಒಂದು ಆಹಾರ ಕಂಪನಿಯ ಗುಣಮಟ್ಟ ವಿಭಾಗಕ್ಕೆ ಸೇರಿದೆ. ಕೆಲಸ ಇಷ್ಟವಾಗಿದೆ, ಆದರೆ 34 ಕ್ಕೆ ಬಂದಿದ್ದರೆ ಇಂದು ನನ್ನ ಮೇಲಿನ ಕುರ್ಚಿಯಲ್ಲಿ ನಾನೇ ಇರುತ್ತಿದ್ದೆ.

ರಾಗಿಕಾಳು ಅವರೇ, ನಿಮ್ಮ ಹಳೆಯ ರಾಗಿಯ ಪ್ರಶ್ನೆ ಓದಿ ನನಗೇ ಆಸೆಯಾಯಿತು. ಒಂದು ಪೋಸ್ಟ್‌ಡಾಕ್ ಮಾಡಿ, ಖಂಡಿತ ಮಾಡಿ. ಸೇರುವ ದಿನವೇ ಕ್ಯಾಲೆಂಡರ್‌ನಲ್ಲಿ ಎರಡು ವರ್ಷದ ನಂತರದ ಒಂದು ತಾರೀಖಿಗೆ ಗುರುತು ಹಾಕಿ. ಆ ದಿನ ಪ್ರಶ್ನೆ ಇನ್ನೂ ನಿಮ್ಮನ್ನು ಎಳೆಯುತ್ತಿದೆಯೇ, ಅಥವಾ ಭಯ ಎಳೆಯುತ್ತಿದೆಯೇ ಎಂದು ಯಜಮಾನರ ಜೊತೆ ಕುಳಿತು ಮಾತಾಡಿ.

ಹಳೆಯ ಮೇಷ್ಟ್ರು · ಬುಧವಾರ ರಾತ್ರಿ 10:05

ಇವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ಬಳಿ ಇದ್ದ ಕೆಲವರಿಗೆ ಇದನ್ನು ಸಮಯಕ್ಕೆ ಹೇಳದೆ ಉಳಿಸಿಕೊಂಡೆ. ಪ್ರಾಜೆಕ್ಟ್‌ಗೆ ಅವರು ಬೇಕಿದ್ದರು. ಅದು ಇಂದಿಗೂ ಮನಸ್ಸಿನಲ್ಲಿದೆ.

ಮರಳಿ ಲ್ಯಾಬಿಗೆ · ಗುರುವಾರ ಬೆಳಿಗ್ಗೆ 9:20

ಮಗುವಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ನಾನು ಎರಡು ಹೆರಿಗೆಯ ನಡುವೆ ಆರು ವರ್ಷ ಮನೆಯಲ್ಲಿದ್ದೆ. ಎಲ್ಲ ಬಾಗಿಲೂ ಮುಚ್ಚಿದವು ಎಂದುಕೊಂಡಿದ್ದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಪಿಡಿಎಫ್ ಎಂಬ ಯೋಜನೆ ಮಹಿಳೆಯರಿಗೇ ಇದೆ, 60 ವರ್ಷದವರೆಗೂ ಅರ್ಜಿ ಹಾಕಬಹುದು. ಪ್ರಾಜೆಕ್ಟ್‌ನ ಆರ್‌.ಎ.ಗಳಿಗೂ ಕೇಂದ್ರದ ನಿಯಮದಂತೆ ಹೆರಿಗೆ ರಜೆ ಇದೆ, ಆದೇಶದಲ್ಲೇ ಬರೆದಿದೆ. ಸಂಕೋಚವಿಲ್ಲದೆ ಕೇಳಿ ಪಡೆಯಿರಿ.

ರಾಗಿಕಾಳು, ಅತ್ತೆಯವರನ್ನು ಒಂದು ದಿನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿ, 'ಇಷ್ಟು ವರ್ಷ ಇದನ್ನು ಕಸಕ್ಕೆ ಹಾಕುತ್ತಿದ್ದೆನಲ್ಲ' ಎಂದರು. ಅಂದಿನಿಂದ ನನ್ನ ಕೆಲಸ ಏನೆಂದು ಅವರೇ ಎಲ್ಲರಿಗೂ ಹೇಳುತ್ತಾರೆ.

ಶ್ರೀರಂಗಪಟ್ಟಣ ಭೌತ · ಗುರುವಾರ ಸಂಜೆ 6:00

ಒಂದು ಎಚ್ಚರಿಕೆಯನ್ನೂ ಸೇರಿಸಿಕೊಳ್ಳಿ. ವಿದೇಶದ ವಿಶ್ವವಿದ್ಯಾಲಯವೊಂದರ ಹೆಸರಿನಲ್ಲಿ ನನಗೆ ಪೋಸ್ಟ್‌ಡಾಕ್ 'ಆಯ್ಕೆ ಪತ್ರ' ಬಂತು. ಸಂದರ್ಶನವೇ ಆಗಿರಲಿಲ್ಲ. ವೀಸಾ ಪ್ರಕ್ರಿಯೆಗೆ 38,000 ರೂ. ಕಟ್ಟಿ ಎಂದರು. ಆಸೆಯಲ್ಲಿ ಕಟ್ಟಿಬಿಟ್ಟೆ, ಆಮೇಲೆ ಫೋನ್ ಎತ್ತಲಿಲ್ಲ. ಸೈಬರ್ ಅಪರಾಧದ 1930 ಸಂಖ್ಯೆಗೆ ದೂರು ಕೊಟ್ಟಿದ್ದೇನೆ. ಪೋಸ್ಟ್‌ಡಾಕ್‌ಗೆ ಆಯ್ಕೆ ಮಾಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಪತ್ರ ಕಳುಹಿಸಿದ ವಿಳಾಸವನ್ನು ಆ ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ವಿಳಾಸದ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ನಾನು ಹೋಲಿಸಿದ್ದು ಹಣ ಹೋದ ಮೇಲೆ.

ರಾಗಿಕಾಳು · ಎರಡನೇ ಮಂಗಳವಾರ ರಾತ್ರಿ 10:10

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ಆರು ಪತ್ರ ಬರೆದೆ. ಒಂದೊಂದಕ್ಕೂ ಒಂದೊಂದು ದಿನ ಹಿಡಿಯಿತು. ಮಗ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು ಅವರ ಪೇಪರ್‌ಗಳನ್ನು ಓದುತ್ತಿದ್ದೆ. ನಾಲ್ಕು ಉತ್ತರ ಬಂದಿವೆ! ಒಬ್ಬರು ತಮ್ಮಲ್ಲಿ ಜಾಗವಿಲ್ಲ ಎಂದರೂ ಎರಡು ಹೆಸರು ಸೂಚಿಸಿದ್ದಾರೆ. ಮೈಸೂರಿನ ಒಬ್ಬ ವಿಜ್ಞಾನಿ, ಅದೂ ದಿನವೂ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದವರು, ನಾಳಿದ್ದು ಬಂದು ಮಾತಾಡಿ ಎಂದಿದ್ದಾರೆ. ಆ ಮೂರು ಸಲದ ಪರೀಕ್ಷೆಯ ಮೂಲ ಅಂಕಿಅಂಶಗಳನ್ನು, ನೋಟ್‌ಬುಕ್ ಸಮೇತ ತನ್ನಿ ಎಂದು ಬರೆದಿದ್ದಾರೆ. ಮಾತು ಕೂಡಿಬಂದರೆ ನ್ಯಾಷನಲ್ ಫೆಲೋಶಿಪ್‌ಗೆ ಒಟ್ಟಿಗೆ ಪ್ರಸ್ತಾವನೆ ಬರೆಯೋಣ ಎಂದಿದ್ದಾರೆ.

ಕಾಲೇಜಿನವರಿಗೆ ಒಂದು ಸೆಮಿಸ್ಟರ್‌ಗೆ ಮಾತ್ರ, ವಾರಕ್ಕೆ ಎಂಟು ಗಂಟೆ ಬರುತ್ತೇನೆ ಎಂದು ಹೇಳಿದೆ. ಒಪ್ಪಿದರು. ಫೆಲೋಶಿಪ್ ಬರುವವರೆಗೆ ಮನೆಗೆ ಅಷ್ಟಾದರೂ ಆಗುತ್ತದೆ. ಅತ್ತೆಗೆ ಹಳೆಯ ರಾಗಿಯ ವಿಷಯ ಹೇಳಿದಾಗ ಬಹಳ ಹೊತ್ತು ಕೇಳಿಸಿಕೊಂಡರು. 'ಹೊಸ ರಾಗಿ ಮುದ್ದೆ ಕೈಗೆ ಅಂಟುತ್ತದೆ, ಹಳೆಯದು ಅಂಟುವುದಿಲ್ಲ, ಅದನ್ನೂ ಬರೆದುಕೋ' ಎಂದರು. ಬರೆದುಕೊಂಡಿದ್ದೇನೆ.

ಒಂದೇ ಅನುಮಾನ. ಎರಡನೇ ಪರೀಕ್ಷಕರ ವರದಿ ಇನ್ನೂ ಬಂದಿಲ್ಲ. ನಾಳಿದ್ದು ಯಾವ ಕಾಗದ ತೆಗೆದುಕೊಂಡು ಹೋಗಲಿ?

ಕೆಆರ್‌ಎಸ್ ರಸ್ತೆ · ಎರಡನೇ ಮಂಗಳವಾರ ರಾತ್ರಿ 10:25

ಥೀಸಿಸ್ ಸಲ್ಲಿಸಿದ್ದಕ್ಕೆ ಪರೀಕ್ಷಾ ವಿಭಾಗ ಕೊಟ್ಟ ಸ್ವೀಕೃತಿ ಪತ್ರ ಸಾಕು ಅಕ್ಕ. ಎರಡು ಪೇಪರ್‌ಗಳ ಪ್ರತಿ, ನೋಟ್‌ಬುಕ್. ವೈವಾ ಆದ ಮೇಲೆ ಪ್ರೊವಿಷನಲ್ ಸರ್ಟಿಫಿಕೇಟ್‌ಗೆ ಅಂದೇ ಅರ್ಜಿ ಕೊಡಿ, ಘಟಿಕೋತ್ಸವದವರೆಗೆ ಕಾಯಬೇಡಿ.

ಹಳೆಯ ಮೇಷ್ಟ್ರು · ಬುಧವಾರ ಬೆಳಿಗ್ಗೆ 6:05

ಬಹಳ ಸಂತೋಷವಾಯಿತು. ಅವರು ಮೊದಲು ಕೇಳುವುದೇ ಆ ರಾಗಿ ಇನ್ನೂ ಉಳಿದಿದೆಯೇ ಎಂದು. ಅಜ್ಜಿಯ ಕಣಜದಲ್ಲಿ ಏನಾದರೂ ಇದೆಯೇ?

ರಾಗಿಕಾಳು · ಬುಧವಾರ ಬೆಳಿಗ್ಗೆ 7:30

ಈಗಷ್ಟೇ ಫೋನ್ ಮಾಡಿದೆ ಸರ್. ಕಣಜದ ತಳದಲ್ಲಿ ಮೂರು ಸೇರಿನಷ್ಟು ಇದೆಯಂತೆ, ಈ ವಾರ ಮಿಲ್ಲಿಗೆ ಕಳುಹಿಸುವವರಿದ್ದರಂತೆ. ಬೀಸಿಸಬೇಡಿ ಎಂದು ಹೇಳಿದ್ದೇನೆ. ಯಜಮಾನರು ಇವತ್ತು ಸಂಜೆಯೇ ಬೈಕಿನಲ್ಲಿ ಹೋಗಿ ತರುತ್ತಾರೆ.